ಗಳದ ತುದಿಯ ಗರಗಸ

ಚಡಚಣ ಸೀಮೆಯ ನಮ್ಮ ಹೊಲದ ಬದುವಿನಲ್ಲಿ ಒಂದು ಬೇವಿನ ಮರವಿದೆ. ಆಳೆತ್ತರದ ಮೇಲೆ ಅದರ ಬೊಡ್ಡೆಯಲ್ಲಿ ಮೊಳದುದ್ದದ ಸೀಳುಗಾಯ. ಹದಿನೈದು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮುಂಜಾನೆ, ಆಡುಗಳಿಗೆ ತಪ್ಪಲು ಬೇಕೆಂದು ನಮ್ಮ ಕಾಕಾ ಕೊಡಲಿ ಹೆಗಲಿಗೇರಿಸಿ ಆ ಮರ ಹತ್ತಿದ್ದರು. ನಾಲ್ಕೈದು ಏಟಿಗೆ ಟೊಂಗೆ ಅರ್ಧ ಮುರಿಯಿತು. ಪೂರ್ತಿ ಬೀಳದೆ, ಕೆಳಗಿನ ತೊಗಟೆಯನ್ನು ಬೊಡ್ಡೆಯ ತನಕ ಹರಿದುಕೊಂಡು ಜೋತುಬಿತ್ತು. ಆ ಹೊಡೆತಕ್ಕೆ ಮರವೆಲ್ಲ ಅಲುಗಿ ಕಾಕಾ ಕೆಳಗೆ ಬಿದ್ದರು. ಸೊಂಟದ ಎಲುಬು ಮುರಿಯಿತು. ಇವತ್ತಿಗೂ ಬಡಿಗೆ ಊರಿಯೇ ನಡೆಯುತ್ತಾರೆ. ಮರದ ಗಾಯವೂ ಮುಚ್ಚಲಿಲ್ಲ. ಒಳಗೆ ನೀರು ಇಳಿದು, ಕೊಳೆತು, ಪೊಟರೆಯಾಗಿದೆ.

ಆ ಮಾತು ಬಂದಾಗಲೆಲ್ಲ ಕಾಕಾ ಒಂದೇ ಮಾತು ಹೇಳುತ್ತಾರೆ: "ತಮ್ಮಾ, ಗಿಡ ಏರಿದ ಮ್ಯಾಲ ಎಲ್ಲಿ ಕಡೀಬೇಕಂತ ಗಿಡ ಹೇಳಂಗಿಲ್ಲ, ನಿಂತ ಕಾಲು ಹೇಳ್ತದ." ಮರ ಸವರುವ ವಿದ್ಯೆಯ ತಿರುಳು ಈ ಮಾತಿನಲ್ಲಿದೆ. ಕಾಲಿಡಲು ಜಾಗ ಸಿಕ್ಕಲ್ಲಿ, ಕೈ ಎಟುಕಿದಲ್ಲಿ ಕೊಡಲಿ ಬೀಳುತ್ತದೆ. ಮರಕ್ಕೆ ಎಲ್ಲಿ ಕಡಿದರೆ ಒಳ್ಳೆಯದು ಎಂಬ ವಿಚಾರಕ್ಕೆ ಅಲ್ಲಿ ಎಡೆಯೇ ಇಲ್ಲ. ಕಾಲು ನೆಲದ ಮೇಲಿದ್ದರೆ ಮಾತ್ರ ನಿಂತು ನೋಡಿ, ಯೋಚಿಸಿ, ಬೇಕಾದಲ್ಲೇ ಕತ್ತರಿಸಬಹುದು. ಉದ್ದನೆಯ ಗಳದ ತುದಿಗೆ ಗರಗಸ ಕೂರಿಸಿದ ಸಾಧನ, ಅಂಗಡಿಯವರು 'ಪೋಲ್ ಸಾ' ಎನ್ನುವುದು, ನಮಗೆ ಕೊಡುವ ದೊಡ್ಡ ಅನುಕೂಲ ಇದೇ.

ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಕಾಡು ಎಂಬುದು ಹೆಸರಿಗಷ್ಟೇ. ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಬದುವಿನ ಬೇವು, ಬನ್ನಿ, ಜಾಲಿ, ಗುಡಿಯ ಮುಂದಿನ ಅರಳಿ, ತೋಟದ ಲಿಂಬೆ, ಮಾವು, ಹುಣಸೆ, ಇವೇ ನಮ್ಮ ಕಾಡು. ಕೋಟಿ ವೃಕ್ಷ ಅಭಿಯಾನದಂಥ ಪ್ರಯತ್ನಗಳಿಂದ ಈಚೆಗೆ ಹೊಸ ಸಸಿಗಳೂ ಎದ್ದಿವೆ. ನೆಡುವುದನ್ನು ಕಲಿತವರು ಬೆಳೆದದ್ದನ್ನು ಸವರುವುದನ್ನೂ ಕಲಿಯಬೇಕು.

ಹಾಗೆಂದು ಸವರುವ ವಿದ್ಯೆ ನಮಗೆ ಹೊಸದೇನಲ್ಲ. ದ್ರಾಕ್ಷಿ ಬೆಳೆಯುವ ನಮ್ಮ ರೈತರು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ. ಎಷ್ಟನೇ ಕಣ್ಣಿನ ಮೇಲೆ ಕತ್ತರಿ ಇಡಬೇಕು, ಕತ್ತರಿಸಿದ ಮೇಲೆ ಏನು ಹಚ್ಚಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಬಳ್ಳಿಯ ಮುಂದೆ ಅಷ್ಟು ನಾಜೂಕಾಗುವ ಕೈ, ಬದುವಿನ ಬೇವಿನ ಮುಂದೆ ಬಂದೊಡನೆ ಕೊಡಲಿ ಎತ್ತುತ್ತದೆ. ಬೇವು ಎಟುಕುವುದಿಲ್ಲ ಎನ್ನುವುದಷ್ಟೇ ಅದಕ್ಕೆ ಕಾರಣ. ಎಟುಕುವ ಸಾಧನ ಬಂದ ಮೇಲೆ ಆ ನಾಜೂಕನ್ನು ಮರಕ್ಕೂ ತೋರಿಸಬಹುದು.

ಗಳಕ್ಕೆ ಕುಡುಗೋಲು ಕಟ್ಟಿ ಎಳೆಯುವುದು ನಮ್ಮ ಹಳೆಯ ರೂಢಿ. ಎಳೆ ಟೊಂಗೆಗೆ, ತಪ್ಪಲಿಗೆ ಅದು ಸಾಕು. ಬಲಿತ ಟೊಂಗೆಯನ್ನು ಕುಡುಗೋಲು ಕತ್ತರಿಸುವುದಿಲ್ಲ, ಹರಿಯುತ್ತದೆ. ಅಲ್ಲಿಂದ ಮುಂದೆ ಬೇಕಾಗುವುದು ಗರಗಸ. ಅದರಲ್ಲಿ ಮೂರು ಬಗೆ.

ಮೊದಲನೆಯದು ಕೈಯಿಂದ ಎಳೆಯುವಂಥದ್ದು. ಒಂದರೊಳಗೊಂದು ಜಾರುವ ಕೊಳವೆಗಳ ಗಳ, ತುದಿಗೆ ಬಾಗಿದ ಅಲಗು. ಅಲಗಿನ ಹಲ್ಲುಗಳು ಎಳೆಯುವಾಗ ಮಾತ್ರ ಕತ್ತರಿಸುತ್ತವೆ. ನೂಕುವಾಗ ಬಲ ಹಾಕಬೇಕಿಲ್ಲ, ಹಾಕಿದರೆ ಅಲಗು ಬಾಗುತ್ತದೆ. ಮೂರ್ನಾಲ್ಕು ಇಂಚು ದಪ್ಪದ ಟೊಂಗೆಯವರೆಗೆ ಇದು ಸಲೀಸು. ಹತ್ತಿಪ್ಪತ್ತು ಮರಗಳಿರುವ ಸಾಮಾನ್ಯ ರೈತನಿಗೆ ಇದೇ ಸಾಕು. ಇದಕ್ಕೆ ಪೆಟ್ರೋಲೂ ಬೇಡ, ಮೆಕ್ಯಾನಿಕ್ಕೂ ಬೇಡ. ಹಗ್ಗ ಎಳೆದರೆ ಕಚ್ಚುವ ಕತ್ತರಿಯನ್ನೂ ಕೆಲವು ಗಳಗಳಿಗೆ ಜೋಡಿಸಿರುತ್ತಾರೆ. ಹೆಬ್ಬೆರಳು ದಪ್ಪದ ರೆಂಬೆಗಳಿಗೆ, ಮುಖ್ಯವಾಗಿ ಲಿಂಬೆಗೆ, ಅದು ಒಳ್ಳೆಯದು.

ಎರಡನೆಯದು ಬ್ಯಾಟರಿಯದು, ಮೂರನೆಯದು ಪೆಟ್ರೋಲಿನದು. ಎರಡರಲ್ಲೂ ತುದಿಗೆ ಸಣ್ಣ ಚೈನ್ ಗರಗಸ, ಸಾಮಾನ್ಯವಾಗಿ ಹತ್ತು–ಹನ್ನೆರಡು ಇಂಚಿನ ಪಟ್ಟಿ. ಬ್ಯಾಟರಿಯದು ಹಗುರ, ಸದ್ದು ಕಡಿಮೆ. ಪೆಟ್ರೋಲಿನದು ಏಳೆಂಟು ಕೆ.ಜಿ. ತೂಗುತ್ತದೆ. ದಿನವಿಡೀ ಇದೇ ಕೆಲಸ ಮಾಡುವವರಿಗೆ ಮಾತ್ರ ಅದು ತಕ್ಕದ್ದು. ವರ್ಷಕ್ಕೆ ಎರಡು ದಿನ ಬಳಸುವವರು ಕೊಂಡು ಅಟ್ಟಕ್ಕೆ ಹಾಕುವುದಕ್ಕಿಂತ, ರೈತ ಸಂಪರ್ಕ ಕೇಂದ್ರದಲ್ಲೋ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ವಿಚಾರಿಸುವುದು ಜಾಣತನ. ನಾಲ್ಕು ಮನೆ ಸೇರಿ ಒಂದು ಕೊಂಡರೂ ಆದೀತು.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಗಳವನ್ನು ಪೂರ್ತಿ ಉದ್ದಕ್ಕೆ ಎಳೆದು, ಎರಡೂ ಕೈಯಲ್ಲಿ ಹಿಡಿದು, ಓರೆಯಾಗಿ ಮೇಲೆತ್ತಿ ಎರಡು ನಿಮಿಷ ನಿಲ್ಲಿ. ತುದಿ ಹಗ್ಗದಂತೆ ತೂಗಾಡಿದರೆ ಆ ಗಳ ಬೇಡ. ತೋಳು ಸೋತರೆ ಒಂದು ಮಟ್ಟ ಚಿಕ್ಕದನ್ನು ನೋಡಿ. ದುಂಡನೆಯ ಕೊಳವೆಗಿಂತ ಮೊಟ್ಟೆಯಾಕಾರದ ಕೊಳವೆ ಲೇಸು, ಎಳೆಯುವಾಗ ಅಲಗು ತಿರುಗುವುದಿಲ್ಲ. ಕೊಳವೆಗಳನ್ನು ಬಿಗಿಯುವ ಕ್ಲಿಪ್ಪು ಗಟ್ಟಿಯಾಗಿ ಕೂರಬೇಕು. ಅಲಗು ಬಿಚ್ಚಿ ಹೊಸದು ಹಾಕುವಂತಿರಬೇಕು, ಅದಕ್ಕೊಂದು ಒರೆ ಇರಬೇಕು. ಅಲಗಿನ ಬದಿಯಲ್ಲಿ ಪುಟ್ಟ ಕುಡುಗೋಲಿನಂಥ ಕೊಕ್ಕೆಯಿದ್ದರೆ ಇನ್ನೂ ಒಳ್ಳೆಯದು. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಉದ್ದ ಎಷ್ಟಿರಬೇಕು? ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಗಳವನ್ನು ಎಂದೂ ನೆಟ್ಟಗೆ ತಲೆಯ ಮೇಲೆ ಹಿಡಿಯಬಾರದು, 60 ಡಿಗ್ರಿಗಿಂತ ಹೆಚ್ಚು ಎತ್ತಬಾರದು ಎನ್ನುವುದು ಯಂತ್ರ ತಯಾರಿಸುವವರೇ ಹೇಳುವ ನಿಯಮ. 12 ಅಡಿಯ ಗಳವನ್ನು ಹಾಗೆ ಓರೆ ಹಿಡಿದರೆ ಅದರ ತುದಿ ಕೈಗಿಂತ ಸುಮಾರು 10 ಅಡಿ ಮೇಲಿರುತ್ತದೆ. ಕೈಯ ಎತ್ತರ ನಾಲ್ಕು ಅಡಿ ಸೇರಿಸಿದರೆ ನೆಲದಿಂದ 14 ಅಡಿಯ ಟೊಂಗೆ ಎಟುಕುತ್ತದೆ. ಅದೇ ಹೊತ್ತಿಗೆ ಅಲಗಿನ ನೇರ ಕೆಳಗಿನ ಜಾಗದಿಂದ ನಾವು ಆರು ಅಡಿ ಆಚೆ ನಿಂತಿರುತ್ತೇವೆ. ಗಳವನ್ನು ನೆಟ್ಟಗೆ ಮಾಡಿದರೆ ಇನ್ನೆರಡು ಅಡಿ ಎತ್ತರ ದಕ್ಕುತ್ತದೆ ನಿಜ, ಆದರೆ ಟೊಂಗೆ ಬೀಳುವ ಜಾಗ ನಮ್ಮ ತಲೆಯೇ ಆಗುತ್ತದೆ. ಗಳ ಎಟುಕದಿದ್ದರೆ ಏಣಿ ಹತ್ತಿ ಗಳ ಹಿಡಿಯುವವರಿದ್ದಾರೆ. ಅದು ಮರ ಹತ್ತುವುದಕ್ಕಿಂತಲೂ ಕೆಟ್ಟದ್ದು. ಎಟುಕದ ಟೊಂಗೆಯನ್ನು ತರಬೇತಿ ಪಡೆದವರಿಗೆ ಬಿಡಿ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಗಳ ಹಿಡಿದರೆ ಬೀಳುವ ಭಯ ಹೋಗುತ್ತದೆ, ಆದರೆ ಅದರ ಜಾಗದಲ್ಲಿ ಕರೆಂಟಿನ ಭಯ ಬಂದು ಕೂರುತ್ತದೆ. ನಮ್ಮ ಹೊಲಗಳ ಮೇಲೆ ಪಂಪ್‌ಸೆಟ್ಟಿನ ತಂತಿಗಳು ಹಾದಿವೆ, ಪಕ್ಕದಲ್ಲೇ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರ್‌ಗೆ) ಹೋಗುವ 11 ಸಾವಿರ ವೋಲ್ಟಿನ ಲೈನು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಗಳಗಳು ಅಲ್ಯೂಮಿನಿಯಂನವು, ಅದು ಕರೆಂಟಿಗೆ ರಾಜಮಾರ್ಗ. ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಗಳ) ಬಂದು ಮರ ಹತ್ತುವ ಕಷ್ಟ ಕಡಿಮೆಯಾಯಿತು. ಅದನ್ನು ನೋಡಿ ನಮ್ಮಲ್ಲೂ ಕೆಲವರು 'ಅದು ಲೋಹ ಅಲ್ಲ, ಏನೂ ಆಗಲ್ಲ' ಎನ್ನುತ್ತಾರೆ. ಇದು ಪ್ರಾಣ ತೆಗೆಯುವ ತಪ್ಪು ತಿಳಿವಳಿಕೆ. ಕಾರ್ಬನ್ ಫೈಬರ್‌ನಲ್ಲೂ ಕರೆಂಟು ಹರಿಯುತ್ತದೆ. ಒಣಗಿದ, ಶುಚಿಯಾದ ಫೈಬರ್ ಗ್ಲಾಸ್ ಗಳ ಮಾತ್ರ ಕರೆಂಟನ್ನು ತಡೆದೀತು. ಅದರ ಮೇಲೂ ಮಣ್ಣು, ಬೆವರು, ಮಂಜಿನ ಪಸೆ ಇದ್ದರೆ ನಂಬುವಂತಿಲ್ಲ. ಬಿದಿರನ್ನೂ ನಂಬಬೇಡಿ. ಹಸಿ ಟೊಂಗೆಯೇ ತಂತಿಗೆ ತಾಗಿದರೂ ಕರೆಂಟು ಇಳಿದು ಬರುತ್ತದೆ.

'ಈಗ ಕರೆಂಟ್ ಇಲ್ಲ ಬಿಡ್ರಿ.' ನಮ್ಮ ಕಡೆ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಮೂರು ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಪಂಪು ಚಾಲೂ ಮಾಡುವ ರೈತನಿಗೇ ಖಾತ್ರಿ ಇರುವುದಿಲ್ಲ. ನೀವು ಗಳ ಎತ್ತಿದ ಕ್ಷಣಕ್ಕೇ ಲೈನು ಜೀವ ತುಂಬಿಕೊಳ್ಳಬಹುದು. ಹಾಗಾಗಿ ನಿಯಮ ಸರಳವಾಗಿರಲಿ: ಕೆಲಸಕ್ಕೆ ಮುಂಚೆ ಮರದ ಸುತ್ತ ಒಂದು ಸುತ್ತು ಬಂದು ಮೇಲೆ ನೋಡಿ. ಮರದಿಂದ ತಂತಿಗೆ ನಿಮ್ಮ ಗಳದ ಎರಡು ಪಟ್ಟು ದೂರವಿಲ್ಲದಿದ್ದರೆ ಗರಗಸ ಕೆಳಗಿಡಿ. ಚೈನ್ ಗರಗಸದ ಗಳವಾದರೆ ತಯಾರಕರು ಹೇಳುವ ದೂರ ಇನ್ನೂ ಹೆಚ್ಚು, 15 ಮೀಟರ್, ಅಂದರೆ 50 ಅಡಿ. ತಂತಿಗೆ ಹತ್ತಿರದ ಟೊಂಗೆ ವಿದ್ಯುತ್ ಕಂಪನಿ ಹೆಸ್ಕಾಂನವರ ಕೆಲಸ. ಲೈನ್‌ಮನ್‌ಗೆ ತಿಳಿಸಿ ಇಲ್ಲವೇ 1912ಕ್ಕೆ ಕರೆ ಮಾಡಿ. ಅವರು ಲೈನು ಬಂದ್ ಮಾಡಿ, ಅರ್ತ್ ಕೊಟ್ಟು ಮಾಡುವ ಕೆಲಸವನ್ನು ನಾವು ಅಂದಾಜಿನ ಮೇಲೆ ಮಾಡಬಾರದು.

ಆದರೂ ಅಚಾತುರ್ಯವಾಗಿ ಯಾರಿಗಾದರೂ ಕರೆಂಟು ಹಿಡಿದರೆ ಓಡಿಹೋಗಿ ಮುಟ್ಟಬೇಡಿ. ಬಡಿಗೆಯಿಂದ ನೂಕುವ ಸಾಹಸವೂ 11 ಸಾವಿರ ವೋಲ್ಟಿನ ಮುಂದೆ ನಡೆಯುವುದಿಲ್ಲ. ಮೊದಲು ಲೈನು ಬಂದ್ ಮಾಡಿಸಿ, 108ಕ್ಕೆ ಕರೆ ಮಾಡಿ. ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ ಸುತ್ತಲಿನ ಮಣ್ಣಿನಲ್ಲೂ ಕರೆಂಟು ಹರಡಿರುತ್ತದೆ. ಹತ್ತಿರದಲ್ಲಿದ್ದವರು ದೊಡ್ಡ ಹೆಜ್ಜೆ ಹಾಕಿ ಓಡದೆ, ಎರಡೂ ಪಾದ ಜೋಡಿಸಿಕೊಂಡು ನೆಲದಿಂದ ಎತ್ತದೆ ಇಷ್ಟಿಷ್ಟೇ ಜರುಗುತ್ತ ದೂರವಾಗಬೇಕು.

ಈಗ ಕತ್ತರಿಸುವ ಕೆಲಸ. ತಲೆಗೆ ಐ.ಎಸ್. 2925 ಗುರುತಿನ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಕಾಲಿಗೆ ಗಟ್ಟಿ ಬೂಟು. ಮೇಲೆ ನೋಡುತ್ತ ಎಳೆಯುವಾಗ ಗರಗಸದ ಹುಡಿ ನೇರ ಕಣ್ಣಿಗೇ ಬೀಳುತ್ತದೆ, ಕನ್ನಡಕ ಇಲ್ಲದೆ ಶುರು ಮಾಡಲೇಬೇಡಿ. ಪಂಚೆ, ಹೆಗಲ ಮೇಲಿನ ಟವೆಲ್ಲು ಚೈನ್ ಗರಗಸದ ಹತ್ತಿರ ಬೇಡ. ನಿಲ್ಲುವ ಜಾಗದ ಕಲ್ಲು, ಮುಳ್ಳು ಬಳಿದು, ಹಿಂದಕ್ಕೆ ಸರಿಯಲು ಎರಡು ದಾರಿ ಖುಲ್ಲಾ ಮಾಡಿಕೊಳ್ಳಿ. ಯಂತ್ರ ಓಡುವಾಗ 50 ಅಡಿಯೊಳಗೆ ಇನ್ನೊಬ್ಬರು ಇರಬಾರದು. ತಪ್ಪಲಿನ ಆಸೆಗೆ ಆಡುಗಳು ಟೊಂಗೆಯ ಕೆಳಗೇ ಬಂದು ನಿಲ್ಲುತ್ತವೆ, ಅವುಗಳ ಹಿಂದೆ ಮಕ್ಕಳು ಬರುತ್ತಾರೆ. ಆಡುಗಳನ್ನು ಮೊದಲೇ ದೂರ ಕಟ್ಟಿಸಿ.

ಟೊಂಗೆಯನ್ನು ಒಂದೇ ಹಂತದಲ್ಲಿ ತೆಗೆಯುವ ಆಸೆಯಿಂದಲೇ ಕಾಕಾ ಹತ್ತಿದ ಮರ ಸೀಳಿದ್ದು. ಮೂರು ಹಂತದಲ್ಲಿ ತೆಗೆಯಬೇಕು. ಬೊಡ್ಡೆಯಿಂದ ಒಂದು ಅಡಿ ಆಚೆ, ಟೊಂಗೆಯ ಕೆಳಭಾಗದಲ್ಲಿ, ಅದರ ದಪ್ಪದ ಕಾಲುಭಾಗದಷ್ಟು ಮೊದಲು ಕೊಯ್ಯಿರಿ. ಆಮೇಲೆ ಅದಕ್ಕಿಂತ ಎರಡು ಮೂರು ಇಂಚು ಹೊರಗೆ ಮೇಲಿನಿಂದ ಕೊಯ್ಯುತ್ತ ಬಂದರೆ ಟೊಂಗೆ ಮುರಿದು ಬೀಳುತ್ತದೆ. ತೊಗಟೆಯ ಸೀಳು ಕೆಳಗಿನ ಕೊಯ್ತದ ತನಕ ಬಂದು ಅಲ್ಲಿಗೇ ನಿಲ್ಲುತ್ತದೆ, ಬೊಡ್ಡೆಗೆ ಹೋಗುವುದಿಲ್ಲ. ಕೊನೆಗೆ ಉಳಿದ ಗಿಡ್ಡ ಮೋಟನ್ನು ತೆಗೆಯಬೇಕು. ಎಳೆಯುವ ಗರಗಸದಲ್ಲಿ ಕೆಳಗಿನಿಂದ ಕೊಯ್ಯುವುದು ಕಷ್ಟ. ಆಗ ನೆರವಿಗೆ ಬರುವುದು ಮುಂಚೆ ಹೇಳಿದ ಆ ಪುಟ್ಟ ಕೊಕ್ಕೆ. ಅದರಿಂದ ಕೆಳಗಿನ ತೊಗಟೆಯನ್ನು ಗೀರಿಬಿಟ್ಟರೂ ಸಾಕು, ಸೀಳು ಅಲ್ಲಿ ನಿಲ್ಲುತ್ತದೆ. ಚೈನ್ ಗರಗಸದಲ್ಲಿ ಪಟ್ಟಿಯ ಮೇಲ್ದಂಡೆಯಿಂದ ಕೆಳಗಿನ ಕೊಯ್ತ ಹಾಕುವಾಗ ಗಳ ನಿಮ್ಮ ಕಡೆಗೆ ನೂಕುತ್ತದೆ. ಪಟ್ಟಿಯ ಮೂತಿಯ ಮೇಲ್ಭಾಗ ಟೊಂಗೆಗೆ ತಾಗಿದರಂತೂ ಥಟ್ಟನೆ ಹಿಂದಕ್ಕೆ ಸಿಡಿಯುತ್ತದೆ. ಮೂತಿಯಿಂದ ಎಂದೂ ಕೊಯ್ಯಬೇಡಿ. ಉದ್ದನೆಯ ಟೊಂಗೆಯಾದರೆ ತುದಿಯಿಂದ ತುಂಡು ತುಂಡಾಗಿ ಇಳಿಸುತ್ತ ಒಳಗೆ ಬನ್ನಿ.

ಕೊನೆಯ ಕೊಯ್ತ ಎಲ್ಲಿ ಬೀಳಬೇಕು? ಒಂದು ಬೇವಿನ ಹತ್ತಿರ ಹೋಗಿ ಟೊಂಗೆ ಬೊಡ್ಡೆಗೆ ಸೇರುವ ಜಾಗವನ್ನು ಕಣ್ಣಿಟ್ಟು ನೋಡಿ. ಕೆಳಗಡೆ ಸ್ವಲ್ಪ ಉಬ್ಬು, ಮೇಲ್ಗಡೆ ಸುಕ್ಕುಗಟ್ಟಿದ ತೊಗಟೆಯ ಗೆರೆ ಕಾಣುತ್ತದೆ, ಅಂಗಿಗೆ ಕಾಲರ್ ಇದ್ದ ಹಾಗೆ. ಆ ಉಬ್ಬು ಬೊಡ್ಡೆಯ ಆಸ್ತಿ, ಟೊಂಗೆಯದಲ್ಲ. ಗಾಯ ಮುಚ್ಚುವ ಶಕ್ತಿ ಇರುವುದು ಅದರಲ್ಲೇ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೊ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರ ಕೊಳೆತದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದು ಹಬ್ಬದಂತೆ ತಡೆಯುತ್ತದೆ, ಹೊರಗಿನಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. 'ಬೊಡ್ಡೆಗೆ ಹಚ್ಚಿ ನುಣ್ಣಗೆ ಕೊಯ್ಯಬೇಕು' ಎಂಬ ನಮ್ಮ ಹಳೆಯ ನಂಬಿಕೆ ಈ ಕಾಲರನ್ನೇ ಕಿತ್ತುಹಾಕುತ್ತದೆ. ಉದ್ದಕ್ಕೆ ಮೋಟು ಬಿಟ್ಟರೆ ಅದು ಒಣಗಿ ಹುಳುವಿಗೆ ಬಾಗಿಲಾಗುತ್ತದೆ. ಉಬ್ಬನ್ನು ಬಿಟ್ಟು ಅದರ ಅಂಚಿಗೆ ಕೊಯ್ಯುವುದೇ ಸರಿ.

ಎಷ್ಟು ತೆಗೆಯಬೇಕು ಎನ್ನುವುದಕ್ಕೂ ಹದವಿದೆ. ಮೊದಲು ಒಣಗಿದ್ದು, ಆಮೇಲೆ ರೋಗ ಬಂದದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವಂಥದ್ದು. ಇಷ್ಟರಲ್ಲೇ ಕೆಲಸ ಮುಗಿದಿರುತ್ತದೆ. ಹಸಿರು ತಲೆಯ ಕಾಲುಭಾಗಕ್ಕಿಂತ ಹೆಚ್ಚು ಒಂದೇ ವರ್ಷ ತೆಗೆಯಬೇಡಿ. ತಪ್ಪಲಿಗೆಂದು ನೆತ್ತಿ ಬೋಳಿಸಿದ ಬೇವು ಮರುವರ್ಷ ಗುಂಪು ಗುಂಪಾಗಿ ಚಿಗುರುತ್ತದೆ. ಆ ಚಿಗುರುಗಳ ಬುಡ ಸಡಿಲ, ದಪ್ಪವಾದ ಮೇಲೆ ಗಾಳಿಗೆ ಮೊದಲು ಬೀಳುವುದು ಅವೇ.

ಮರ ಮರಕ್ಕೆ ಮಾತು ಬೇರೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಲಿಂಬೆ ಎತ್ತರದ ಗಿಡವಲ್ಲ, ಆದರೆ ಅದರ ಮುಳ್ಳಿನ ಒಳಗೆ ಕೈ ಹಾಕಿದವರಿಗೇ ಗೊತ್ತು ಅದರ ಕಷ್ಟ. ಆರು ಅಡಿಯ ಗಳವೂ ಅಲ್ಲಿ ದೊಡ್ಡ ಉಪಕಾರ. ಬೇಸಿಗೆಯ ಕಾಯಿ ಇಳಿದ ಮೇಲೆ, ಮಳೆ ಹಿಡಿಯುವ ಮೊದಲು, ಒಣ ರೆಂಬೆಗಳನ್ನೂ ನೆಟ್ಟಗೆ ಏಳುವ ನೀರ್ಚಿಗುರುಗಳನ್ನೂ ತೆಗೆಯಿರಿ. ಕಜ್ಜಿ ರೋಗ ಹನಿ ನೀರಿನಿಂದ, ಅಲಗಿನಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ಅದಕ್ಕೇ ಎಲೆ ಒಣಗಿರುವಾಗಲೇ ಕೆಲಸ ಮಾಡಬೇಕು, ಒಂದು ಗಿಡ ಮುಗಿದೊಡನೆ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಹತ್ತು ಲೀಟರ್ ನೀರು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ.

ಮಾವು, ಬೇವುಗಳ ನೆತ್ತಿಯಲ್ಲಿ ಬೇರೆಯೇ ಎಲೆಯ ಪೊದೆ ಕಂಡರೆ ಅದು ಬಂದಳಿಕೆ. ಟೊಂಗೆಯೊಳಗೆ ಬೇರಿಳಿಸಿ ಮರದ ರಸ ಕುಡಿದು ಬದುಕುವ ಗಿಡ. ಪೊದೆಯನ್ನಷ್ಟೇ ಹರಿದರೆ ಮತ್ತೆ ಬರುತ್ತದೆ. ಅದು ಕೂತ ಜಾಗಕ್ಕಿಂತ ಒಂದೂವರೆ ಅಡಿ ಕೆಳಗೆ ಟೊಂಗೆಯನ್ನೇ ತೆಗೆಯಬೇಕು. ಬಂದಳಿಕೆ ಸಾಮಾನ್ಯವಾಗಿ ಕೈಗೆ ಎಟುಕದ ಕಡೆಯೇ ಕೂರುವುದರಿಂದ ಗಳದ ಗರಗಸಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಈಚಿನ ವರ್ಷಗಳಲ್ಲಿ ಬೇವಿನ ಚಿಗುರು ತುದಿಯಿಂದ ಸುಟ್ಟಂತೆ ಒಣಗುವುದನ್ನು ನೀವೂ ಕಂಡಿರಬಹುದು. ಅದಕ್ಕೆ ಹೆದರಿ ಮರವನ್ನೇ ಕಡಿಸಬೇಡಿ. ಎಟುಕುವಷ್ಟು ಒಣ ತುದಿಗಳನ್ನು ತೆಗೆದು ಸುಟ್ಟುಹಾಕಿ. ಹೆಚ್ಚಿನ ಬೇವುಗಳು ಮತ್ತೆ ಚಿಗುರುತ್ತವೆ.

ನಮ್ಮ ಹೊಲದ ಮರದ ಮಾತು ಇದಾಯಿತು. ರಸ್ತೆ ಬದಿಯ, ಶಾಲೆಯಂಗಳದ, ಗೋಮಾಳದ ಮರಗಳು ನಮ್ಮವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಜಾರಿಯಲ್ಲಿದೆ. ಅಂಥ ಮರಗಳಿಗೆ ಗರಗಸ ಇಡುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ. ಗೂಡು ಕಟ್ಟಿದ ಟೊಂಗೆಗೆ ಮರಿ ಹಾರುವ ತನಕ ಕಾಯಲು ಮಾತ್ರ ಯಾವ ಕಾಯಿದೆಯೂ ಬೇಕಾಗಿಲ್ಲ.

ನಮ್ಮ ಬೇವಿನ ಹಳೆಯ ಸೀಳುಗಾಯದಿಂದ ನಾಲ್ಕು ಅಡಿ ಮೇಲೆ ಇನ್ನೊಂದು ಗಾಯವಿದೆ. ಮೂರು ವರ್ಷಗಳ ಹಿಂದೆ ಅಲ್ಲಿಂದ ಒಂದು ಒಣ ಟೊಂಗೆ ತೆಗೆದೆವು. ಕಾಕಾ ಕೆಳಗೆ ಹೊರಸಿನ ಮೇಲೆ ಕೂತು ಬಡಿಗೆ ಎತ್ತಿ ತೋರಿಸುತ್ತಿದ್ದರು: "ಅದಲ್ಲ, ಅದರ ಮಗ್ಗಲದು. ಇನ್ನೊಂದೀಟು ಹೊರಗ ಹಿಡಿ, ಉಬ್ಬು ಉಳೀಲಿ." ನಾನು ಗಳ ಹಿಡಿದಿದ್ದೆ. ಅರ್ಧ ತಾಸಿನ ಕೆಲಸ, ಮಧ್ಯೆ ಎರಡು ಸಲ ಕುತ್ತಿಗೆಯ ದಣಿವು ಆರಿಸಿಕೊಂಡೆ. ಮೊನ್ನೆ ನೋಡಿದರೆ ಗಾಯದ ಸುತ್ತ ಹೊಸ ಕಟ್ಟಿಗೆ ಉಂಗುರದಂತೆ ಉರುಳಿ ಬಂದಿದೆ. ನಡುವೆ ಐದು ರೂಪಾಯಿ ನಾಣ್ಯದಷ್ಟು ಜಾಗ ಉಳಿದಿದೆ. ಹದಿನೈದು ವರ್ಷದ ಗಾಯ ಕೆಳಗೆ ಬಾಯಿ ತೆರೆದೇ ಇದೆ, ಮೂರು ವರ್ಷದ್ದು ಮುಚ್ಚುತ್ತ ಬಂದಿದೆ. ಮರ ಒಂದೇ, ಕೊಯ್ದ ಬಗೆ ಬೇರೆ.

ರೋಹಿಣಿ ಮಳೆಯ ಗಾಳಿ ಬೀಸುವ ಮುನ್ನ ನಿಮ್ಮ ಅಂಗಳದ, ಬದುವಿನ ಮರದ ಕೆಳಗೆ ಒಮ್ಮೆ ನಿಲ್ಲಿ. ಮೊದಲು ತಂತಿ ಎಲ್ಲಿದೆ ನೋಡಿ, ಆಮೇಲೆ ಒಣ ಟೊಂಗೆ ಯಾವುದು ನೋಡಿ, ಆಮೇಲೆ ಅದರ ಕಾಲರ್ ಎಲ್ಲಿದೆ ನೋಡಿ. ಈ ಮೂರನ್ನೂ ನೋಡಿದ ಮೇಲೆ ಗಳ ಎತ್ತಿ.